ನೆನಪಿನ ಸಂಚಿಕೆಗೆ ಕೂತ ತಂಗಿಗೆ

ಪ್ರೀತಿಯ ತಂಗಿ,

ಬರುವ ಏಪ್ರಿಲ್ 5ಕ್ಕೆ ನಿಮ್ಮ ಓದುಗರ ಬಳಗ ಲೇಖಕ ಪೂರ್ಣಚಂದ್ರ ತೇಜಸ್ವಿಯವರ ನೆನಪಿನ ಸಂಚಿಕೆ ತರುತ್ತಿದೆ, ಸಂಪಾದನೆ ನಿನ್ನ ಪಾಲಿಗೆ ಬಂದಿದೆ ಎಂದು ಬರೆದಿದ್ದೀಯ. ಜೊತೆಗೆ ಒಂದು ಅಳುಕನ್ನೂ ಹೇಳಿಕೊಂಡಿದ್ದೀಯ: ಅವರನ್ನು ಒಮ್ಮೆಯೂ ಕಣ್ಣಾರೆ ಕಾಣದ ನಾವು ಅವರ ಅಗಲಿಕೆಯ ಬಗ್ಗೆ ಬರೆಯುವುದು ಸರಿಯೇ?

ಖಂಡಿತ ಸರಿ. ಒಡನಾಡಿಗಳು, ಬಂಧುಗಳು ತಮ್ಮ ಪಾಲಿನದನ್ನು ಬರೆದಾಗಿದೆ, ಅದನ್ನು ನೀವು ಮತ್ತೆ ಬರೆಯಬೇಕಿಲ್ಲ. ದೂರದ ಓದುಗರು ಕಳೆದುಕೊಂಡದ್ದೇನು ಎಂಬುದನ್ನು ಮಾತ್ರ ಬೇರೆ ಯಾರೂ ಬರೆದುಕೊಡಲಾರರು. 2007ರಲ್ಲಿ ಅವರು ಹೋದ ಸುದ್ದಿ ಕೇಳಿ ಮಂಕಾಗಿ ಕೂತವರಲ್ಲಿ ಬಹಳ ಮಂದಿಗೆ ಅವರಿದ್ದ ಮೂಡಿಗೆರೆಯ ದಾರಿಯೂ ಗೊತ್ತಿರಲಿಲ್ಲ. ಅವರ ಸಂಕಟ ಒಡನಾಡಿಗಳದ್ದಕ್ಕಿಂತ ಕಡಿಮೆಯದೆಂದು ನಾನು ಒಪ್ಪುವುದಿಲ್ಲ. ಆದರೆ ಅದನ್ನು ಪುಟದ ಮೇಲೆ ತರುವುದು ಕಷ್ಟ. ಬರೆಯಲು ಕೂತ ಕೂಡಲೇ ಕೈ ತಾನಾಗಿಯೇ 'ತುಂಬಲಾರದ ನಷ್ಟ', 'ಸಾರಸ್ವತ ಲೋಕ ಬಡವಾಯಿತು' ಎಂದು ಗೀಚಿಬಿಡುತ್ತದೆ. ಯಾರು ಹೋದರೂ ಹೊಂದುವ ಮಾತು ತೇಜಸ್ವಿಯವರಿಗೆ ಸಲ್ಲುವ ಮಾತಲ್ಲ. ಬಂದ ಬರಹದಲ್ಲಿ ಅವರ ಹೆಸರು ತೆಗೆದು ಇನ್ನೊಬ್ಬ ಲೇಖಕರ ಹೆಸರು ಹಾಕಿ ಓದಿ ನೋಡು. ಏನೂ ಕೆಡಲಿಲ್ಲ ಅಂದರೆ ಅದನ್ನು ವಾಪಸು ಕಳಿಸು.

ಆದ್ದರಿಂದ ಓದುಗರನ್ನು 'ನಿಮ್ಮ ಅನಿಸಿಕೆ ಬರೆಯಿರಿ' ಎಂದು ಕೇಳಲೇಬೇಡ. ಅನಿಸಿಕೆ ಕೇಳಿದರೆ ಹೊಗಳಿಕೆ ಬರುತ್ತದೆ. ಮೊದಲು ಓದಿದ ಪುಸ್ತಕ ಯಾವುದು, ಅದನ್ನು ಕೈಗಿಟ್ಟವರು ಯಾರು, ಓದಿ ಮುಗಿಸಿದ ಮೇಲೆ ಏನು ಮಾಡಿದಿರಿ ಎಂದು ಕೇಳು. ಮೂರನೆಯ ಪ್ರಶ್ನೆಯ ಉತ್ತರವೇ ನಿನ್ನ ಸಂಚಿಕೆಯ ಜೀವ. 'ಕರ್ವಾಲೊ' ಕಾದಂಬರಿ ಓದಿದವರೊಬ್ಬರು ಅದರಲ್ಲಿ ಬರುವ ಹಾರುವ ಓತಿಯನ್ನು ಹುಡುಕಿಕೊಂಡು ಅಡಕೆ ತೋಟಕ್ಕೆ ಹೋಗಿದ್ದರೆ, ಯಾವ ಊರಿನ ತೋಟ, ಯಾವ ತಿಂಗಳು, ಓತಿ ಕಂಡಿತೋ ಇಲ್ಲವೋ ಎಂದು ಮತ್ತೆ ಕೇಳಿ ಬರೆಸು. ಪಶ್ಚಿಮ ಘಟ್ಟದ ಅಡಕೆ ತೋಟಗಳಲ್ಲಿ ಅದು ನಿಜಕ್ಕೂ ಇದೆ. ಕಾದಂಬರಿಯೊಂದು ಒಬ್ಬರನ್ನು ಮರದ ಬುಡದಲ್ಲಿ ಕತ್ತೆತ್ತಿ ನಿಲ್ಲಿಸಿತು ಎಂಬುದಕ್ಕಿಂತ ದೊಡ್ಡ ಶ್ರದ್ಧಾಂಜಲಿ ನನಗಂತೂ ಗೊತ್ತಿಲ್ಲ. ಓತಿ ಕಾಣಲಿಲ್ಲ ಎಂದು ಬರೆದರೂ ಅಷ್ಟೇ ಬೆಲೆ.

ಇನ್ನು ನಿಜ-ಸುಳ್ಳಿನ ವಿಚಾರ. ಇದಕ್ಕೆ ಹೆಚ್ಚು ಹೊತ್ತು ಇಟ್ಟುಕೋ. ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8, ತೀರಿಕೊಂಡದ್ದು 2007ರ ಏಪ್ರಿಲ್ 5. ಇಸವಿಯಿಂದ ಇಸವಿ ಕಳೆದು 69 ಎಂದು ಬರೆಯುವವರಿದ್ದಾರೆ. ಆ ವರ್ಷದ ಹುಟ್ಟುಹಬ್ಬ ಇನ್ನೂ ಬಂದಿರಲಿಲ್ಲ, ಹಾಗಾಗಿ 68. 'ಚಿದಂಬರ ರಹಸ್ಯ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1987ರಲ್ಲಿ. ಪುಸ್ತಕ ಬಂದದ್ದು ಅದಕ್ಕೂ ಮೊದಲು; ಪ್ರಶಸ್ತಿಯ ವರ್ಷವನ್ನೇ ಪ್ರಕಟಣೆಯ ವರ್ಷವೆಂದು ಬರೆದಾರು. ಅನುಮಾನ ಬಂದ ಕೂಡಲೇ ತಿದ್ದಿಬಿಡುವುದೂ ತಪ್ಪೇ. ಮಾಸ್ತಿಯವರು ಹುಟ್ಟಿದ್ದು ಜೂನ್ 6, ಕಾಲವಾದದ್ದೂ ಜೂನ್ 6. ಅಚ್ಚಿನ ದೋಷವೆಂದು ಭಾವಿಸಿ ಯಾರಾದರೂ ಒಂದನ್ನು ಬದಲಿಸಿದರೆ ನಿಜವೇ ಅಳಿಸಿಹೋಗುತ್ತದೆ. ನೋಡಿದ ಮೇಲೆಯೇ ತಿದ್ದು.

ತೇಜಸ್ವಿಯವರ ವಿಷಯದಲ್ಲಿ ಇನ್ನೊಂದು ಅಪಾಯವಿದೆ. 'ಕರ್ವಾಲೊ'ದಲ್ಲಿ ಕತೆ ಹೇಳುವ 'ನಾನು' ಅವರಂತೆಯೇ ಕಾಣುತ್ತಾನೆ. 'ಕಿವಿ' ಎಂಬ ಹೆಸರಿನ ಅವರ ನಾಯಿ ಅಲ್ಲೂ ಇದೆ, 'ಪರಿಸರದ ಕತೆ'ಯಲ್ಲೂ ಇದೆ. ಹೀಗಾಗಿ ಕಾದಂಬರಿಯ ಘಟನೆಯನ್ನು ಜೀವನಚರಿತ್ರೆಯೆಂದು ಬರೆದು ಕಳಿಸುವವರು ಬಂದೇ ಬರುತ್ತಾರೆ. ಪಾತ್ರವೊಂದು ಆಡಿದ ಮಾತನ್ನು ಲೇಖಕರ ಹೇಳಿಕೆಯೆಂದು ಅವರ ಫೋಟೋದ ಕೆಳಗೆ ಹಾಕುವುದೂ ಇದೇ ಜಾತಿಯ ತಪ್ಪು. ಪ್ರತಿ ಉಲ್ಲೇಖಕ್ಕೂ ಪುಸ್ತಕದ ಹೆಸರು, ಮುದ್ರಣದ ವರ್ಷ, ಪುಟಸಂಖ್ಯೆ ಕೇಳು. ಕೊಡದಿದ್ದರೆ ಆ ಸಾಲನ್ನು ಕೈಬಿಡು. ಎಷ್ಟು ಚೆಂದವಿದ್ದರೂ ಕೈಬಿಡು. ಹೋದವರು ಎದ್ದು ಬಂದು 'ಇದು ನನ್ನ ಮಾತಲ್ಲ' ಎನ್ನಲಾರರು, ಅವರ ಪರವಾಗಿ ನೀನೇ ಹೇಳಬೇಕು.

ಅವರ ಬರಹದಿಂದ ಎಷ್ಟು ತೆಗೆದುಕೊಳ್ಳಬಹುದು ಎಂದು ಕೇಳಿದ್ದೀಯ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅಂದರೆ ತೇಜಸ್ವಿಯವರು ಬದುಕಿದ್ದಾಗ ಪ್ರಕಟವಾದ ಬರಹಕ್ಕೆ 2067ರ ಕೊನೆಯವರೆಗೆ. ವಿಮರ್ಶೆಯ ನಡುವೆ ನಾಲ್ಕು ಸಾಲು ಉಲ್ಲೇಖಿಸುವುದಕ್ಕೆ ಅಡ್ಡಿಯಿಲ್ಲ. ಇಡೀ ಅಧ್ಯಾಯ ಹಾಕಬೇಕೆಂದರೆ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕು. ಪತ್ರದಲ್ಲಿ ಯಾವ ಭಾಗ, ಎಷ್ಟು ಪುಟ, ಎಷ್ಟು ಪ್ರತಿ, ಬೆಲೆ ಇಡುತ್ತೀರೋ ಇಲ್ಲವೋ ಎಲ್ಲವನ್ನೂ ಬಿಡಿಸಿ ಬರೆ. 'ಅಭಿಮಾನದಿಂದ ಮಾಡುತ್ತಿದ್ದೇವೆ' ಎಂಬುದು ಒಪ್ಪಿಗೆಗೆ ಬದಲಿಯಲ್ಲ. ಓದುಗರ ಹತ್ತಿರ ಅವರು ಬರೆದ ಕಾಗದಗಳಿದ್ದರೆ ಕಾಗದ ಓದುಗರದ್ದು, ಅದರೊಳಗಿನ ಬರಹದ ಹಕ್ಕು ಲೇಖಕರ ವಾರಸುದಾರರದ್ದು. ಫೋಟೋಗಳ ಹಕ್ಕು ಸಾಮಾನ್ಯವಾಗಿ ತೆಗೆದವರದ್ದು, ಅವರ ಹೆಸರನ್ನು ಚಿತ್ರದ ಕೆಳಗೇ ಹಾಕು. ವಾಟ್ಸಾಪ್‌ನಲ್ಲಿ ಸುಮ್ಮನೆ ಕಳಿಸಿದ ಫೋಟೋ ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳು. 4 ಇಂಚು ಅಗಲಕ್ಕೆ ಅಚ್ಚಾಗಬೇಕಾದರೆ ಕನಿಷ್ಠ 1200 ಪಿಕ್ಸೆಲ್ ಬೇಕು.

ಪುಟಗಳ ಲೆಕ್ಕವನ್ನು ಮೊದಲೇ ಮಾಡಿಕೋ. ಮುದ್ರಣಾಲಯದಲ್ಲಿ 16 ಪುಟಗಳನ್ನು ಒಟ್ಟಿಗೆ ಒಂದು ಫಾರಂ ಎಂದು ಲೆಕ್ಕ ಹಾಕುತ್ತಾರೆ, 64 ಪುಟವೆಂದರೆ ನಾಲ್ಕು. ಡೆಮಿ 1/8 ಎಂಬ ಸಾಮಾನ್ಯ ಪುಸ್ತಕದ ಅಳತೆಯಲ್ಲಿ ಪುಟಕ್ಕೆ ಸುಮಾರು 230 ಪದ ಹಿಡಿಯುತ್ತದೆ. ಮುನ್ನುಡಿ, ಪರಿವಿಡಿ, ಚಿತ್ರಗಳಿಗೆ 12 ಪುಟ ಬಿಟ್ಟರೆ ಉಳಿಯುವುದು 12,000 ಪದದಷ್ಟು ಜಾಗ. 350 ಪದದ ಮೂವತ್ತು ಬರಹ ನೆಮ್ಮದಿಯಾಗಿ ಕೂರುತ್ತವೆ. 65 ಪುಟವಾದರೆ ಒಂದು ಪುಟಕ್ಕಾಗಿ ಇನ್ನೊಂದು ಫಾರಂನ ಖರ್ಚು ಬೀಳುತ್ತದೆ, ಆಗ ಆತುರದಲ್ಲಿ ಕತ್ತರಿಸುವ ಬರಹ ಹೆಚ್ಚಾಗಿ ಹೆಸರಿಲ್ಲದ ಓದುಗರದ್ದೇ ಆಗಿರುತ್ತದೆ. ಹಾಗಾಗಬಾರದು. ಕತ್ತರಿಸಲೇಬೇಕಾದರೆ ಗಣ್ಯರ ಸಂದೇಶಗಳನ್ನು ಕತ್ತರಿಸು.

ಎಲ್ಲರೂ ಫೋನಿನಲ್ಲಿ ಯೂನಿಕೋಡ್‌ನಲ್ಲಿ ಬರೆದು ಕಳಿಸುತ್ತಾರೆ. ಪುಟ ಕಟ್ಟುವವರು ಅದನ್ನು 'ನುಡಿ' ತಂತ್ರಾಂಶದ ಹಳೆಯ ಅಕ್ಷರಕ್ಕೆ (ಫಾಂಟ್) ಬದಲಿಸಿಕೊಂಡರೆ ಅರ್ಕಾವತ್ತು ಜಾಗ ತಪ್ಪುವ ಭಯವಿದೆ. ಯೂನಿಕೋಡ್‌ನಲ್ಲಿ ರಕಾರ ಮುಂದೆ ನಿಲ್ಲುತ್ತದೆ, ಹಳೆಯ ಅಕ್ಷರಗಳಲ್ಲಿ ಕಣ್ಣಿಗೆ ಕಾಣುವ ಹಾಗೆ ಹಿಂದೆ ಕೂರುತ್ತದೆ. ನಿಮ್ಮ ಸಂಚಿಕೆಯಲ್ಲಿ ಹೆಜ್ಜೆಹೆಜ್ಜೆಗೂ ಬರುವ 'ಪೂರ್ಣಚಂದ್ರ', 'ಕರ್ವಾಲೊ' ಎರಡರಲ್ಲೂ ಅರ್ಕಾವತ್ತಿದೆ. ನಡುವೆ ರೋಮನ್ ಅಕ್ಷರದ ಪದವಿದ್ದರೆ ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬಿಡುತ್ತದೆ. ಕನ್ನಡ ತಂತ್ರಾಂಶಕ್ಕಾಗಿ ಅಷ್ಟು ಹಟ ಹಿಡಿದ ಮನುಷ್ಯನ ನೆನಪಿನ ಪುಸ್ತಕದಲ್ಲಿ ಅವರ ಹೆಸರೇ ಒಡೆದು ಕಾಣಬಾರದು. ಬೆರಳಿಟ್ಟು ಓದುವ ಒಬ್ಬರನ್ನು ಇದಕ್ಕೆಂದೇ ಕೂರಿಸು.

ಮುಂದೆ ಇಂದಿನ ಲೇಖಕರೊಬ್ಬರು ಹೋದ ದಿನವೇ ಬರೆಯುವ ಸಂದರ್ಭ ಬಂದರೆ, ಮನೆಯವರು ಅಥವಾ ಅವರಿಗೆ ಹತ್ತಿರದವರು ಖಚಿತಪಡಿಸುವ ತನಕ ಒಂದಕ್ಷರವನ್ನೂ ಹೊರಬಿಡಬೇಡ. ಬದುಕಿದ್ದವರಿಗೇ ಶ್ರದ್ಧಾಂಜಲಿ ಹರಿದಾಡಿದ ಉದಾಹರಣೆಗಳಿವೆ. ಸಾವಿನ ಕಾರಣವನ್ನು ಮನೆಯವರು ಹೇಳದಿದ್ದರೆ ಊಹಿಸಬೇಡ, ಕೇಳಲೂಬೇಡ.

ಜನವರಿ ಕೊನೆಗೆ ಬರಹಗಳು ನಿನ್ನ ಕೈಗೆ ಬರಲಿ. ಫೆಬ್ರವರಿಯಲ್ಲಿ ಎರಡು ಸಲ ಕರಡು ತಿದ್ದು, ಮಾರ್ಚ್ 10ರೊಳಗೆ ಮುದ್ರಣಾಲಯಕ್ಕೆ ಕೊಡು. ಮೊದಲ ಕರಡು ಬಂದ ಕೂಡಲೇ ನನಗೊಂದು ಪ್ರತಿ ಕಳಿಸು. ತಾರೀಕುಗಳನ್ನೂ ಅರ್ಕಾವತ್ತುಗಳನ್ನೂ ನೋಡಿಕೊಡುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ