ದ್ವಿಭಾಷಾ ತರಗತಿಯ ವಿಜ್ಞಾನ: ಶಿಕ್ಷಕರಿಗೆ ಬೇಕಾದ ತರಬೇತಿ ಬೇರೆ

ಮಾನ್ಯ ಸಂಪಾದಕರೇ,

ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ 2019–20ನೇ ಸಾಲಿನಿಂದ ಕನ್ನಡ ಮಾಧ್ಯಮದ ಜೊತೆಗೆ ಆಂಗ್ಲ ಮಾಧ್ಯಮ ವಿಭಾಗಗಳು ಆರಂಭವಾದವು. ಆನಂತರ ಇಂಥ ಶಾಲೆಗಳ ಸಂಖ್ಯೆ ಹೆಚ್ಚುತ್ತಲೇ ಬಂದಿದೆ. ಆ ವರ್ಷ ಒಂದನೇ ತರಗತಿಗೆ ದಾಖಲಾದ ಮಕ್ಕಳು 2025–26ಕ್ಕೆ ಏಳನೇ ತರಗತಿಯವರು, ಅಂದರೆ ಪರಿಸರ ಅಧ್ಯಯನದ ಹಂತ ದಾಟಿ ವಿಜ್ಞಾನವನ್ನು ಪ್ರತ್ಯೇಕ ವಿಷಯವಾಗಿ ಓದುವವರು. ಯಾವ ಮಾಧ್ಯಮ ಸರಿ ಎಂಬ ಹಳೆಯ ಚರ್ಚೆಯನ್ನು ಮತ್ತೆ ಕೆದಕುವ ಉದ್ದೇಶ ನನಗಿಲ್ಲ. ಹೆಸರಿಗೆ ಆಂಗ್ಲ ಮಾಧ್ಯಮವಾದರೂ ಕೊಠಡಿಯೊಳಗೆ ನಡೆಯುವುದು ಎರಡು ಭಾಷೆಗಳ ಪಾಠ. ಅಂಥ ಪಾಠಕ್ಕೆ ಶಿಕ್ಷಕರನ್ನು ನಾವು ಸಜ್ಜುಗೊಳಿಸಿಲ್ಲ ಎಂಬುದಷ್ಟೇ ನನ್ನ ಆಕ್ಷೇಪ. (ಕೋಲಾರ, ಬಳ್ಳಾರಿಯ ಕಡೆ ಮಗುವಿನ ಮನೆಮಾತು ತೆಲುಗೋ ಉರ್ದುವೋ ಲಂಬಾಣಿಯೋ ಆಗಿದ್ದರೆ ಅದು ಮೂರು ಭಾಷೆಗಳ ಪಾಠ.)

ಸದ್ಯ ಸಾಮಾನ್ಯವಾಗಿ ಕಾಣುವ ಕ್ರಮವೆಂದರೆ, ಶಿಕ್ಷಕರು ಪುಸ್ತಕದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಓದುತ್ತಾರೆ, ಕೂಡಲೇ ಅದನ್ನು ಕನ್ನಡದಲ್ಲಿ ಹೇಳುತ್ತಾರೆ, ಮತ್ತೆ ಮುಂದಿನ ಸಾಲಿಗೆ ಹೋಗುತ್ತಾರೆ. ಕನ್ನಡದಲ್ಲಿ ಹೇಗೂ ಬರುತ್ತದೆ ಎಂದು ಗೊತ್ತಿರುವ ಮಕ್ಕಳು ಇಂಗ್ಲಿಷಿಗೆ ಕಿವಿಗೊಡುವುದನ್ನೇ ಬಿಡುತ್ತಾರೆ; ಕನ್ನಡವಾದರೂ ಬಿಡಿಬಿಡಿ ವಾಕ್ಯಗಳಲ್ಲಿ ಸಿಗುವುದರಿಂದ ವಿಷಯವೂ ಇಡಿಯಾಗಿ ಮನಸ್ಸಿಗೆ ಇಳಿಯುವುದಿಲ್ಲ.

ಎಲೆಯಲ್ಲಿ ಪಿಷ್ಟವಿದೆಯೇ ಎಂದು ನೋಡುವ ಪ್ರಯೋಗವನ್ನೇ ತೆಗೆದುಕೊಳ್ಳೋಣ. ಎರಡು ಮೂರು ದಿನ ಕತ್ತಲಲ್ಲಿಟ್ಟ ಗಿಡದ ಒಂದು ಎಲೆಗೆ ಕಪ್ಪು ಕಾಗದದ ಪಟ್ಟಿ ಸುತ್ತಿ ಬಿಸಿಲಿಗಿಟ್ಟು, ಆಮೇಲೆ ಎಲೆಯನ್ನು ಕುದಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟ ಸ್ಪಿರಿಟ್‌ನಲ್ಲಿ ಹಸಿರು ಬಣ್ಣ ತೆಗೆದು, ತೊಳೆದು ಅಯೋಡಿನ್ ಹನಿಸಿದರೆ, ಪಟ್ಟಿ ಇದ್ದ ಜಾಗ ಬಿಟ್ಟು ಉಳಿದ ಕಡೆ ಕಡುನೀಲಿಯಾಗುತ್ತದೆ. ‘ಅಲ್ಲಿ ಬಿಸಿಲು ಬಿದ್ದಿಲ್ಲವಲ್ಲ ಸಾರ್, ಅದಕ್ಕೇ ಬಣ್ಣ ಬಂದಿಲ್ಲ’ ಎಂದು ಏಳನೇ ತರಗತಿಯ ಹುಡುಗಿ ಥಟ್ಟನೆ ಹೇಳುತ್ತಾಳೆ. ‘ಹಾಗಾದರೆ ಗಿಡವನ್ನು ಮೊದಲು ಕತ್ತಲಲ್ಲಿಟ್ಟದ್ದು ಯಾಕೆ?’ ಎಂದರೆ ತರಗತಿಯಲ್ಲಿ ವಾದವೇ ಶುರುವಾಗುತ್ತದೆ. ಅದೇ ಮಕ್ಕಳ ಇಂಗ್ಲಿಷ್ ನೋಟ್ಸಿನಲ್ಲಿ ಉಳಿಯುವುದು ಹಲಗೆಯಿಂದ ನಕಲು ಮಾಡಿದ ವ್ಯಾಖ್ಯೆ ಮಾತ್ರ. ಸ್ಟಾರ್ಚ್, ಕ್ಲೋರೋಫಿಲ್ ಎಂಬ ಪದಗಳು ಮಕ್ಕಳಿಗೆ ಕಷ್ಟವಲ್ಲ, ವಾರದಲ್ಲಿ ಬಾಯಿಗೆ ಬರುತ್ತವೆ. ಕಷ್ಟವಿರುವುದು ಕಾರಣ ಕೊಡುವ, ಹೋಲಿಸುವ, ‘ಹೀಗೆ ಮಾಡಿದರೆ ಹೀಗಾಗುತ್ತದೆ’ ಎನ್ನುವ ವಾಕ್ಯಗಳನ್ನು ತಾವೇ ಕಟ್ಟುವುದರಲ್ಲಿ. ಪ್ರಯೋಗವನ್ನೂ ಚರ್ಚೆಯನ್ನೂ ಕನ್ನಡದಲ್ಲಿ ಪೂರ್ತಿ ನಡೆಸಿ, ಬಳಿಕ ಅಂಥ ನಾಲ್ಕಾರು ವಾಕ್ಯದ ಚೌಕಟ್ಟುಗಳನ್ನು ಕೊಟ್ಟು, ಇಬ್ಬಿಬ್ಬರು ಕೂತು ತಾವು ಕಂಡದ್ದನ್ನು ಇಂಗ್ಲಿಷಿನಲ್ಲಿ ಬರೆಯುವಂತೆ ಮಾಡಬಹುದು. ಒಂದು ಭಾಷೆಯಲ್ಲಿ ಗ್ರಹಿಸಿ ಇನ್ನೊಂದರಲ್ಲಿ ಹೊರಹಾಕುವ ಈ ಕ್ರಮ ವೇಲ್ಸ್‌ನ ಶಾಲೆಗಳಲ್ಲಿ ಬೆಳೆದದ್ದು. ಅದನ್ನು ಅಲ್ಲಿನ ಶಿಕ್ಷಣತಜ್ಞ ಸೆನ್ ವಿಲಿಯಮ್ಸ್ 1994ರ ತಮ್ಮ ಸಂಶೋಧನೆಯಲ್ಲಿ ವಿವರಿಸಿದ್ದರು.

ಆದರೆ ಈ ಕೌಶಲ ನಮ್ಮ ಶಿಕ್ಷಕರಿಗೆ ಎಲ್ಲಿಂದ ಬರಬೇಕು? ಸೇವೆಯಲ್ಲಿರುವವರಿಗೆ ಕೊಡುವ ಇಂಗ್ಲಿಷ್ ತರಬೇತಿಯ ಒತ್ತು ಸಂಭಾಷಣೆ, ಉಚ್ಚಾರಣೆಗಳ ಮೇಲೆ. ಅದರಲ್ಲಿ ವಿಜ್ಞಾನದ ಪಾಠವೇ ಇರುವುದಿಲ್ಲ. ವಿಜ್ಞಾನದ ತರಬೇತಿಯಲ್ಲಿ ಭಾಷೆಯ ಮಾತಿಲ್ಲ. 2015ರಿಂದ ಎರಡು ವರ್ಷಗಳಾದ ಬಿ.ಇಡಿ.ಯಲ್ಲಿ ‘ಪಠ್ಯಕ್ರಮದಾದ್ಯಂತ ಭಾಷೆ’ ಎಂಬ ಪತ್ರಿಕೆಯೇನೋ ಇದೆ. ಅದನ್ನು ಬೋಧಿಸುವವರು ಬೇರೆ, ವಿಜ್ಞಾನದ ಬೋಧನಾ ವಿಧಾನ ಹೇಳಿಕೊಡುವವರು ಬೇರೆ. ಇಬ್ಬರೂ ಕೂತು ಒಂದು ಪಾಠಯೋಜನೆ ತಯಾರಿಸಿದ್ದನ್ನು ನಾನು ಕಂಡಿಲ್ಲ. ಎರಡನೇ ವರ್ಷದ 16 ವಾರಗಳ ಶಾಲಾ ಇಂಟರ್ನ್‌ಶಿಪ್‌ನಲ್ಲಿ ಕೆಲವು ಪಾಠಗಳನ್ನಾದರೂ ದ್ವಿಭಾಷಾ ತರಗತಿಯಲ್ಲೇ ಮಾಡಬೇಕೆಂದು ಕಡ್ಡಾಯಗೊಳಿಸಲು ಹೊಸ ಅನುದಾನವೇನೂ ಬೇಕಿಲ್ಲ. ಪ್ರಾಥಮಿಕ ಶಾಲಾ ಶಿಕ್ಷಕರ ಡಿಪ್ಲೊಮಾ ಆದ ಡಿ.ಇಎಲ್.ಇಡಿ.ಗೂ ಇದೇ ಮಾತು ಅನ್ವಯಿಸುತ್ತದೆ. ಸೇವೆಯಲ್ಲಿರುವವರಿಗಾದರೆ ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ) ಸಭಾಂಗಣದ ಉಪನ್ಯಾಸಕ್ಕಿಂತ, ಅಕ್ಕಪಕ್ಕದ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯ ದಿನ ಮಕ್ಕಳ ಎದುರು ನಡೆಯುವ ಒಂದು ಮಾದರಿ ಪಾಠ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ವಿಜ್ಞಾನ ಮತ್ತು ಗಣಿತಕ್ಕೆ ಒಳ್ಳೆಯ ದ್ವಿಭಾಷಾ ಪುಸ್ತಕಗಳಿರಬೇಕು, ಮಕ್ಕಳು ಎರಡೂ ಭಾಷೆಗಳಲ್ಲಿ ಆ ವಿಷಯಗಳ ಬಗ್ಗೆ ಯೋಚಿಸಿ ಮಾತನಾಡಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಆ ನೀತಿಯ ಬಗ್ಗೆ ರಾಜ್ಯಕ್ಕೆ ಏನೇ ತಕರಾರಿರಲಿ, ಈ ಮಾತು ಒಪ್ಪತಕ್ಕದ್ದು. ಆದರೆ ಪುಸ್ತಕ ಎರಡು ಭಾಷೆಗಳಲ್ಲಿದ್ದು ಪರೀಕ್ಷೆ ಒಂದರಲ್ಲೇ ನಡೆದರೆ ಶಿಕ್ಷಕರು ಉತ್ತರ ಬಾಯಿಪಾಠ ಮಾಡಿಸದೆ ಇನ್ನೇನು ಮಾಡಿಯಾರು? ಕನಿಷ್ಠ 6ರಿಂದ 8ನೇ ತರಗತಿಯವರೆಗಿನ ಮೌಲ್ಯಮಾಪನದಲ್ಲಿ ಪ್ರಶ್ನೆಗಳು ಎರಡೂ ಭಾಷೆಗಳಲ್ಲಿರಲಿ, ವಿವರಣೆ ಬೇಡುವ ಉತ್ತರಗಳನ್ನು ಮಗು ತನಗೆ ಬರುವ ಭಾಷೆಯಲ್ಲಿ ಬರೆಯಲಿ. ಮೊದಲ ತಂಡದ ಮಕ್ಕಳು ಎಸ್‌ಎಸ್‌ಎಲ್‌ಸಿ ತಲುಪುವುದು 2028–29ರಲ್ಲಿ. ಅವರ ವಿಜ್ಞಾನ ಪ್ರಶ್ನೆಪತ್ರಿಕೆ ಹೇಗಿರುತ್ತದೆ ಎಂಬುದನ್ನು ಶಿಕ್ಷಣ ಇಲಾಖೆ ಆ ವರ್ಷದ ಸುತ್ತೋಲೆಗೆ ಬಿಡದೆ ಈಗಲೇ ತಿಳಿಸಬೇಕೆಂದು ಕೋರುತ್ತೇನೆ.

– ನಿವೃತ್ತ ವಿಜ್ಞಾನ ಶಿಕ್ಷಕ, ಚಿಂತಾಮಣಿ