ದೆವ್ವ ಕಚ್ಚುತ್ತಿಲ್ಲ, ನೋಡುತ್ತಿದೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಫ್ರೆಂಚ್ ಕಲಾವಿದ ಬೂಗರೋ ಬರೆದ ನರಕದ ಚಿತ್ರ ಹಾಕಿದ್ದೀರಿ. ಖುಷಿಯಾಯಿತು. ಆದರೆ ಸುತ್ತಲಿನದನ್ನೆಲ್ಲ ಕತ್ತರಿಸಿ, ಕಿತ್ತಾಡುವ ಇಬ್ಬರನ್ನಷ್ಟೇ ಉಳಿಸಿ, ಕೆಳಗೆ ‘ಪಾಪಿಯ ಕತ್ತು ಕಚ್ಚುತ್ತಿರುವ ದೆವ್ವ’ ಅಂತ ಬರೆದದ್ದು ಯಾರು ಸ್ವಾಮಿ? ದೆವ್ವ ಕಚ್ಚುತ್ತಲೇ ಇಲ್ಲ. ಅದು ನೀವು ಕತ್ತರಿಸಿ ಬಿಸಾಕಿದ ಭಾಗದಲ್ಲಿದೆ. ರೆಕ್ಕೆ ಬಿಚ್ಚಿ, ಕೈಕಟ್ಟಿಕೊಂಡು, ಹಲ್ಲು ಕಿರಿಯುತ್ತಾ ಆರಾಮಾಗಿ ನೋಡುತ್ತಿದೆ.

ಕಚ್ಚುವವನೂ ಪಾಪಿಯೇ, ಕಚ್ಚಿಸಿಕೊಳ್ಳುವವನೂ ಪಾಪಿಯೇ. ಇಟಲಿಯ ಕವಿ ಡಾಂಟೆ ನರಕ, ಸ್ವರ್ಗಗಳ ಯಾತ್ರೆಯನ್ನು ಹೇಳುವ ‘ಡಿವೈನ್ ಕಾಮೆಡಿ’ ಕಾವ್ಯದಲ್ಲಿ, ನರಕದ ಭಾಗದ 30ನೇ ಸರ್ಗದಲ್ಲಿ ಬರುವ ಪ್ರಸಂಗ ಇದು. ನಡೆಯುವುದು ನರಕದಲ್ಲಿ ಮೋಸಗಾರರಿಗೆ ಮೀಸಲಾದ ಎಂಟನೇ ವೃತ್ತದಲ್ಲಿ. ಕಚ್ಚುತ್ತಿರುವ ಜಾನ್ನಿ ಸ್ಕಿಕ್ಕಿ ಮಾಡಿದ್ದೇನು ಗೊತ್ತಾ? ಸತ್ತುಹೋದ ಶ್ರೀಮಂತನೊಬ್ಬನ ವೇಷ ಹಾಕಿ ಉಯಿಲು ಬರೆಸಿದ, ಮಂದೆಯಲ್ಲೇ ಒಳ್ಳೆಯ ಹೆಣ್ಣು ಕುದುರೆಯನ್ನು ಹೊಡೆದುಕೊಂಡ. (ಒಂದು ಕುದುರೆಗೆ ಈ ಶಿಕ್ಷೆ ಜಾಸ್ತಿಯಾಯಿತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ, ಇರಲಿ.) ಕಚ್ಚಿಸಿಕೊಳ್ಳುವ ಕಪೋಕ್ಯೋ ರಸವಿದ್ಯೆಯ ಹೆಸರಲ್ಲಿ ಲೋಹಗಳನ್ನು ನಕಲು ಮಾಡಿದವನು. ಕಾವ್ಯದಲ್ಲಿ ಸ್ಕಿಕ್ಕಿ, ಗೂಡಿನಿಂದ ಬಿಟ್ಟ ಹಂದಿಯ ಹಾಗೆ ನುಗ್ಗಿ ಹಿಂಗತ್ತಿಗೆ ಬಾಯಿ ಹಾಕುತ್ತಾನೆ. ಬೂಗರೋ ಆ ಬಾಯಿಯನ್ನು ಮುಂದೆ, ಗಂಟಲಿಗೆ ತಂದಿದ್ದಾರೆ. ಮಂಡಿ ಬೆನ್ನಿಗೆ ಊರಿದೆ. ಬೆರಳು ಪಕ್ಕೆಗೆ ಇಳಿದು ಚರ್ಮ ಮಡಿಕೆಯಾಗಿ ಎದ್ದಿದೆ, ಸುಮ್ನೆ ಒಂದು ಸಲ ಆ ಮಡಿಕೆಯನ್ನೇ ನೋಡಿ, ನಮ್ಮ ಪಕ್ಕೆ ಮುಟ್ಟಿ ನೋಡಿಕೊಳ್ಳುವ ಹಾಗಾಗುತ್ತದೆ.

1850ರಲ್ಲಿ ಇದನ್ನು ಬರೆದಾಗ ಬೂಗರೋ ಅವರಿಗೆ ಇನ್ನೂ ಸುಮಾರು 25 ವಯಸ್ಸು. ಫ್ರಾನ್ಸಿನ ಯುವ ಕಲಾವಿದರ ದೊಡ್ಡ ಸ್ಪರ್ಧೆಯಾಗಿದ್ದ ರೋಮ್ ಪ್ರಶಸ್ತಿಗೆ ಎರಡು ಸಲ ಸೋತಿದ್ದರು, ಅದೇ ವರ್ಷ ಗೆದ್ದರು. ಮುಂದೆ ನುಣುಪು ಮೈಯ ದೇವತೆಯರನ್ನು, ಬರಿಗಾಲಿನ ಹಳ್ಳಿ ಹುಡುಗಿಯರನ್ನು ಬರೆದು ಹೆಸರಾದವರು ಇವರೇ ಅಂದರೆ ನಂಬೋದು ಕಷ್ಟ.

ಕತ್ತರಿಗೆ ಸಿಕ್ಕ ಇನ್ನಿಬ್ಬರು ಡಾಂಟೆ ಮತ್ತು ಕಾವ್ಯದಲ್ಲಿ ಅವನಿಗೆ ನರಕದ ದಾರಿ ತೋರಿಸುವ ಪ್ರಾಚೀನ ರೋಮನ್ ಕವಿ ವರ್ಜಿಲ್. ಹಿಂದೆ ನಿಂತಿದ್ದಾರೆ. ಅಸಹ್ಯವೂ ಆಗುತ್ತಿದೆ, ಕಣ್ಣು ಕೀಳಲೂ ಆಗುತ್ತಿಲ್ಲ. ಅವರೂ ನೋಡುವವರು, ಮೇಲೆ ಹಾರುವ ದೆವ್ವವೂ ನೋಡುವುದೇ, ಪೇಪರ್ ಹಿಡಿದು ಕೂತ ನಾವೂ ಅಷ್ಟೇ ಅಲ್ವಾ? ಅವರನ್ನು ತೆಗೆದರೆ ಉಳಿಯೋದು ಇಬ್ಬರ ಕುಸ್ತಿ.

ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿರುವ ಮೂಲ ಚಿತ್ರ ಸುಮಾರು 2.8 ಮೀಟರ್ ಎತ್ತರ ಇದೆ. ನಿಮಗೆ ಜಾಗದ ಕಷ್ಟ, ಗೊತ್ತು. ಅಂಗೈಯಷ್ಟಾದರೂ ಪರವಾಗಿಲ್ಲ, ಮುಂದಿನ ಭಾನುವಾರ ಪೂರ್ತಿ ಹಾಕಿ. ಅಡಿಬರಹದಲ್ಲಿ ಕಿತ್ತಾಡುವ ಆ ಇಬ್ಬರ ಹೆಸರೂ ಇರಲಿ.

ಇಂತಿ,
ನಿಮ್ಮ ಓದುಗ