ಎಲ್‌ಎಸ್‌ಡಿ, ಕ್ರೋಮೋಸೋಮ್: ಆ ಫಾರ್ವರ್ಡ್ ಬಗ್ಗೆ

ಎಲ್ರಿಗೂ ನಮಸ್ಕಾರ. ಎಲ್‌ಎಸ್‌ಡಿ (ಭ್ರಮೆ ಹುಟ್ಟಿಸೋ ಒಂದು ಡ್ರಗ್) ತಗೊಂಡ್ರೆ ಕ್ರೋಮೋಸೋಮ್ (ಜೀವಕೋಶದೊಳಗೆ ವಂಶವಾಹಿಗಳಿರೋ ಎಳೆ) ಮುರಿದು ಹೋಗತ್ತೆ, ಹುಟ್ಟೋ ಮಕ್ಳಿಗೂ ತೊಂದ್ರೆ ಅಂತ ಓಡಾಡ್ತಿರೋ ಮೆಸೇಜನ್ನ ದಯವಿಟ್ಟು ಮುಂದಕ್ಕೆ ಕಳಿಸ್ಬೇಡಿ. ಇದು ಹಳೇ ಭಯ. 1967ರಲ್ಲಿ ಅಮೆರಿಕದ ಮೈಮನ್ ಕೋಹೆನ್ ಮತ್ತೆ ಜೊತೆಗಾರರು ಸೈನ್ಸ್ ಪತ್ರಿಕೆಲಿ ಬರೆದಿದ್ರು, ಮನುಷ್ಯರ ಬಿಳಿ ರಕ್ತಕಣಗಳನ್ನ ಲ್ಯಾಬಲ್ಲಿ ಬೆಳೆಸಿ ಎಲ್‌ಎಸ್‌ಡಿ ಹಾಕಿದಾಗ ಕ್ರೋಮೋಸೋಮ್ ತುಂಡಾಗೋದು ಜಾಸ್ತಿ ಕಾಣಿಸ್ತು ಅಂತ, ಪೇಪರ್‌ನೋರು ಅದನ್ನೇ ಹಿಡ್ಕೊಂಡು ಊರೆಲ್ಲಾ ಹಬ್ಬಿಸಿದ್ರು. ಆದ್ರೆ ಲ್ಯಾಬಲ್ಲಿ ಬೆಳೆಸಿದ ಕಣಕ್ಕೆ ಲಿವರ್ ಇಲ್ಲ ಕಿಡ್ನಿ ಇಲ್ಲ, ನಮ್ಮ ದೇಹ ಆ ವಸ್ತುನ ಒಡೆದು ಹೊರಗೆ ಹಾಕತ್ತೆ, ಲ್ಯಾಬಲ್ಲಿ ಅದು ಹಾಗೇ ಕೂತಿರತ್ತೆ. ಬೀದಿ ಮಾಲು ತಗೊಂಡೋರಲ್ಲಿ ಹಾನಿ ಕಂಡ್ರೂ ಅದು ಎಲ್‌ಎಸ್‌ಡಿಯಿಂದನೋ, ಬೆರಕೆಯಿಂದನೋ, ಬೇರೆ ಡ್ರಗ್ಸಿಂದನೋ, ವೈರಸ್ಸಿಂದನೋ ಹೇಗೆ ಹೇಳೋದು? 1971ರಲ್ಲಿ ಅದೇ ಪತ್ರಿಕೆಲಿ ಡಿಶಾಟ್ಸ್ಕಿ ತಂಡ ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲಾ ತೂಗಿ ನೋಡಿ, ಶುದ್ಧ ಎಲ್‌ಎಸ್‌ಡಿ ಮಿತವಾದ ಡೋಸಲ್ಲಿ ದೇಹದೊಳಗೆ ಕ್ರೋಮೋಸೋಮ್ ಕೆಡಿಸಲ್ಲ ಅಂತ ಬರೀತು.

ಹಾಗಂತ ಸೇಫ್ ಅಂದ್ಕೋಬೇಡಿ. ವಿಪರೀತ ಭಯ ಹುಟ್ಟಬಹುದು, ಮನೇಲಿ ಯಾರಿಗಾದ್ರೂ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದ್ರಂತೂ ಅಪಾಯ ಇನ್ನೂ ಜಾಸ್ತಿ, ನಮ್ಮಲ್ಲಿ 1985ರ ಎನ್‌ಡಿಪಿಎಸ್ ಅನ್ನೋ ಮಾದಕವಸ್ತು ಕಾಯ್ದೆ ಪ್ರಕಾರ ಅಪರಾಧನೂ ಹೌದು. ಮಕ್ಳಿಗೆ ಹೇಳೋದಾದ್ರೆ ಇದನ್ನ ಹೇಳಿ. ಆ ಮೆಸೇಜ್ ಹಾಕಿದೋರು ಪ್ಲೀಸ್ ಡಿಲೀಟ್ ಮಾಡಿ.